ರಿಯಲ್ ಎಸ್ಟೇಟ್ ಕೆಲಸದ ಜಾಹೀರಾತಿನಲ್ಲಿ ‘ಸಂಬಳ ಇಲ್ಲ’ ಅನ್ನುವುದನ್ನೂ ಬರೆಸಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಉದ್ಯೋಗ ಪುಟದಲ್ಲಿ ಒಂದು ಬಗೆಯ ಜಾಹೀರಾತು ಮತ್ತೆ ಮತ್ತೆ ಬರುತ್ತದೆ. ‘ರಿಯಲ್ ಎಸ್ಟೇಟ್ ಕ್ಷೇತ್ರದಲ್ಲಿ ಸುವರ್ಣಾವಕಾಶ. ಅನುಭವ ಬೇಕಿಲ್ಲ. ಮಿತಿಯಿಲ್ಲದ ಗಳಿಕೆ. ಕೂಡಲೇ ಸಂಪರ್ಕಿಸಿ.’ ಕೆಳಗೆ ಒಂದು ಮೊಬೈಲ್ ನಂಬರು. ಇಂಥದ್ದನ್ನು ನಂಬಿ, ಇದ್ದ ಕೆಲಸ ಬಿಟ್ಟು, ಬ್ಯಾಗು ತುಂಬಿಕೊಂಡು ದೊಡ್ಡ ನಗರಕ್ಕೆ ಬಂದಿಳಿಯುವ ಹುಡುಗ ಹುಡುಗಿಯರನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ. ನಾನೂ ಇದೇ ಕಸುಬಿನವಳು. ಮನೆ, ಸೈಟು ಮಾರಿಸುವುದು, ಬಾಡಿಗೆಗೆ ಕೊಡಿಸುವುದು ನನ್ನ ಕೆಲಸ. ನಮ್ಮದು ಸಣ್ಣ ಆಫೀಸು. ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುವುದು ನನ್ನ ಪಾಲಿಗೆ ಬಂದಿದೆ. ಆ ಜಾಹೀರಾತುಗಳಲ್ಲಿ ಒಂದು ಸಾಲು ಕಡ್ಡಾಯವಾಗಿ ಇರಲಿ ಅಂತ ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ತಿಂಗಳ ಸಂಬಳ ಉಂಟೋ, ಬರೀ ಕಮಿಷನ್ನೋ? ಅಷ್ಟು ಹೇಳಲಿ.

ಹೊರಗಿನಿಂದ ನೋಡುವವರಿಗೆ ನಮ್ಮ ಕೆಲಸ ಸಲೀಸಾಗಿ ಕಾಣುತ್ತದೆ. ಬೀಗದ ಕೈ ತೆಗೆದುಕೊಂಡು ಹೋಗಿ ಮನೆ ತೋರಿಸಿದರೆ ಆಯಿತು, ದುಡ್ಡು ಬಂತು ಅಂದುಕೊಳ್ಳುತ್ತಾರೆ. ನಡೆಯುವುದೇ ಬೇರೆ. ಹತ್ತಾರು ಫೋನ್ ಮಾಡಿದರೆ ಒಬ್ಬರು ಮನೆ ನೋಡಲು ಬರುತ್ತಾರೆ. ಬಂದವರು ಗಂಡನನ್ನು ಕರೆದುಕೊಂಡು ಇನ್ನೊಂದು ಸಲ, ಅಪ್ಪ ಅಮ್ಮನನ್ನು ಕರೆದುಕೊಂಡು ಮತ್ತೊಂದು ಸಲ ಬರುತ್ತಾರೆ. ಮನಸ್ಸಿಗೆ ಹಿಡಿಸಿದರೆ ರೇಟಿನ ಮಾತು. ರೇಟು ಕುದುರಿದರೆ ಟೋಕನ್ ಅಡ್ವಾನ್ಸ್. ಆಮೇಲೆ ಕರಾರು ಪತ್ರ, ಬ್ಯಾಂಕಿನ ಸಾಲ, ವಕೀಲರಿಂದ ದಾಖಲೆ ಪರಿಶೀಲನೆ, ಕೊನೆಗೆ ರಿಜಿಸ್ಟ್ರೇಷನ್. ಸಾಮಾನ್ಯವಾಗಿ ಪೂರ್ತಿ ಕಮಿಷನ್ ಕೈಗೆ ಸಿಗುವುದು ರಿಜಿಸ್ಟ್ರೇಷನ್ ಆದ ಮೇಲೆಯೇ. ಸಿಕ್ಕಿದ್ದರಲ್ಲಿ ಎದುರು ಪಾರ್ಟಿಯ ಬ್ರೋಕರ್ ಇದ್ದರೆ ಅವರಿಗೊಂದು ಪಾಲು, ನಮ್ಮ ಆಫೀಸಿಗೊಂದು ಪಾಲು. ಉಳಿದದ್ದು ಓಡಾಡಿದವನಿಗೆ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನಡುವೆ ಎಲ್ಲಿ ಮುರಿದುಬಿದ್ದರೂ ಸಿಗುವುದು ಸೊನ್ನೆ. ಅಷ್ಟು ದಿನದ ಪೆಟ್ರೋಲು, ಫೋನು, ಊಟ, ರೂಮಿನ ಬಾಡಿಗೆ ಎಲ್ಲ ಸ್ವಂತ ಜೇಬಿನಿಂದ.

ಮುರಿದುಬೀಳುವುದು ಅಂದರೆ ಹೇಗೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ನಮ್ಮಲ್ಲಿಗೆ ಬಂದ ಒಬ್ಬ ಹುಡುಗನ ಮೊದಲ ಡೀಲು ಅದು. ಒಳ್ಳೆ ಹುಡುಗ, ಮಾತು ಮೃದು, ಹೇಳಿದ ಹೊತ್ತಿಗೆ ಹೇಳಿದ ಕಡೆ ಇರುತ್ತಿದ್ದ. ಕೊಳ್ಳುವವರಿಗೆ ಮನೆ ಇಷ್ಟವಾಗಿತ್ತು. ಟೋಕನ್ ಕೊಟ್ಟಿದ್ದರು. ಬ್ಯಾಂಕಿನ ವಕೀಲರು ದಾಖಲೆ ಓದುವಾಗ ಒಂದು ಕಡೆ ನಿಂತರು. ಮನೆಯ ಯಜಮಾನರು ತೀರಿಕೊಂಡಿದ್ದರು. ಮೂವರು ಮಕ್ಕಳು. ಮಾರುತ್ತಿದ್ದವನು ಮಗ. ಅಕ್ಕತಂಗಿಯರು ತಮ್ಮ ಪಾಲು ಬಿಟ್ಟುಕೊಟ್ಟಿದ್ದಾರೆ ಅಂತ ಅವನು ಹೇಳಿದ್ದ. ಆದರೆ ಹಕ್ಕು ಬಿಡುಗಡೆ ಪತ್ರದಲ್ಲಿ ಒಬ್ಬಳ ಸಹಿ ಮಾತ್ರ ಇತ್ತು. ಇನ್ನೊಬ್ಬಳು ಹೊರದೇಶದಲ್ಲಿ. ಅವಳು ಅಲ್ಲಿಂದ ಅಧಿಕಾರ ಪತ್ರ ಮಾಡಿಸಿ ಕಳಿಸಬೇಕು, ಅದಕ್ಕೆ ಮೊದಲು ಅಣ್ಣನ ಜೊತೆ ಹಳೆಯ ಲೆಕ್ಕ ಬಗೆಹರಿಯಬೇಕು. ಕೊಳ್ಳುವವರು ಸ್ವಲ್ಪ ದಿನ ಕಾದು, ಟೋಕನ್ ವಾಪಸ್ ತೆಗೆದುಕೊಂಡು ಬೇರೆ ಮನೆ ನೋಡಿಕೊಂಡರು. ತಪ್ಪು ಹುಡುಗನದಲ್ಲ. ಕೊಳ್ಳುವವರದೂ ಅಲ್ಲ. ಆದರೆ ಆ ಹುಡುಗನ ತಿಂಗಳುಗಳ ದುಡಿಮೆಗೆ ಒಂದು ಪೈಸೆ ಹುಟ್ಟಲಿಲ್ಲ. ಆಫೀಸಿನಿಂದ ಸಣ್ಣದಾದರೂ ತಿಂಗಳ ಸಂಬಳ ಬರುತ್ತಿದ್ದದ್ದಕ್ಕೆ ಅವನು ಉಳಿದುಕೊಂಡ. ಈಗ ಯಾವ ಮನೆ ಕೈಗೆ ಬಂದರೂ ಅವನು ಮೊದಲು ಕೇಳುವುದು, ‘ಅಣ್ಣ ತಮ್ಮ ಅಕ್ಕ ತಂಗಿ ಎಷ್ಟು ಜನ? ಎಲ್ಲರ ಸಹಿ ಇದೆಯಾ?’ ಬರೀ ಕಮಿಷನ್ ನಂಬಿ ಬಂದಿದ್ದರೆ ಇದನ್ನು ಕಲಿಯುವ ಹೊತ್ತಿಗೆ ಅವನು ವಾಪಸ್ ಬಸ್ಸು ಹತ್ತಿರುತ್ತಿದ್ದ.

‘ಸಣ್ಣ ಊರಲ್ಲಿ ಮನೆ ಬೆಲೆ ಕಡಿಮೆ, ಕಮಿಷನ್ನೂ ಕಡಿಮೆ. ದೊಡ್ಡ ನಗರದಲ್ಲಿ ಒಂದು ಮನೆ ಮಾರಿದರೆ ಎರಡರಷ್ಟು’ ಅನ್ನುವ ಲೆಕ್ಕ ಹಾಕಿಕೊಂಡು ಬರುವವರೇ ಜಾಸ್ತಿ. ಈ ಲೆಕ್ಕ ಯಾಕೆ ಕೂಡಿಬರುವುದಿಲ್ಲ ಅನ್ನುವುದನ್ನು ಇಬ್ಬರು ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಚಾಂಗ್-ತಾಯ್ ಶೇ ಮತ್ತು ಎನ್ರಿಕೊ ಮೊರೆಟ್ಟಿ ಅಂತ ಅವರ ಹೆಸರು. ಅಮೆರಿಕದ 1980 ಮತ್ತು 1990ರ ಜನಗಣತಿಯ ಅಂಕಿಗಳನ್ನು ಹಿಡಿದು ಬೇರೆ ಬೇರೆ ನಗರಗಳ ಏಜೆಂಟರ ಗಳಿಕೆಯನ್ನು ಹೋಲಿಸಿದರು. ಅವರ ಪ್ರಬಂಧ 2003ರಲ್ಲಿ ಪ್ರಕಟವಾಯಿತು. ಬಾಸ್ಟನ್ನಿನಲ್ಲಿ ಮನೆ ಬೆಲೆ ಮಿನಿಯಾಪೊಲಿಸ್‌ಗಿಂತ ಸುಮಾರು ಎರಡರಷ್ಟಿತ್ತು. ಕಮಿಷನ್ನಿನ ಶೇಕಡಾವಾರು ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ಆದರೂ ಏಜೆಂಟರ ಗಳಿಕೆಯಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಯಾಕೆಂದರೆ ಬಾಸ್ಟನ್ನಿನ ಏಜೆಂಟ್ ಮಾರುತ್ತಿದ್ದ ಮನೆಗಳು ಮಿನಿಯಾಪೊಲಿಸ್‌ನವನಿಗಿಂತ ಸುಮಾರು ಅರ್ಧ. ಬೆಲೆ ಏರಿದ ಕಡೆ ಕಮಿಷನ್ನಿನ ಆಸೆಗೆ ಜನ ಬಂದು ತುಂಬಿಕೊಳ್ಳುತ್ತಾರೆ. ಇರುವ ಮನೆಗಳನ್ನೇ ಜಾಸ್ತಿ ಜನ ಹಂಚಿಕೊಳ್ಳಬೇಕಾಗುತ್ತದೆ. ಒಬ್ಬೊಬ್ಬರಿಗೆ ಉಳಿಯುವುದು ಮೊದಲಿನಷ್ಟೇ.

ಅಮೆರಿಕದ ಮಾತು ನಮಗ್ಯಾಕೆ ಅಂತ ಓದುಗರು ಕೇಳಬಹುದು. ಈ ಕಸುಬಿಗೆ ಇಳಿಯುವುದು ಸುಲಭವಿರುವ ಕಡೆಯೆಲ್ಲ ಇದೇ ಕಥೆ ನಡೆಯುತ್ತದೆ. ಅಂಗಡಿ ಬೇಡ, ಬಂಡವಾಳ ಬೇಡ, ಡಿಗ್ರಿ ಬೇಡ, ಒಂದು ಫೋನು ಸಾಕು ಅಂದಾಗ ಯಾರು ಬೇಕಾದರೂ ಬರಬಹುದಲ್ವಾ? ನಾವು ಒಂದು ಮನೆಯ ಫೋಟೋ ಹಾಕಿದರೆ ಸಂಜೆಯೊಳಗೆ ಬರುವ ಕರೆಗಳಲ್ಲಿ ಕೊಳ್ಳುವವರಿಗಿಂತ ಬೇರೆ ಬ್ರೋಕರುಗಳೇ ಜಾಸ್ತಿ ಇರುತ್ತಾರೆ. ‘ಮೇಡಂ, ನನ್ನ ಹತ್ರ ಪಾರ್ಟಿ ಇದೆ, ಶೇರ್ ಮಾಡ್ತೀರಾ?’ ಅನ್ನುತ್ತಾರೆ. ದನಿ ಕೇಳಿದರೆ ತುಂಬಾ ಎಳೆಯರು ಅಂತ ಗೊತ್ತಾಗುತ್ತದೆ.

ಮಾರುಕಟ್ಟೆ ಏರುವಾಗ ನುಗ್ಗಿದವರು ಇಳಿಯುವಾಗ ಎಲ್ಲಿ ಹೋಗುತ್ತಾರೆ ಅನ್ನುವುದಕ್ಕೂ ಅಲ್ಲಿಯದೇ ದಾಖಲೆ ಇದೆ. ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ ಅನ್ನುವ ಏಜೆಂಟರ ಸಂಘಕ್ಕೆ 2006ರಲ್ಲಿ ಸುಮಾರು 13.5 ಲಕ್ಷ ಸದಸ್ಯರಿದ್ದರು. 2008ರ ಕುಸಿತ ಬಂತು. 2012ರ ಹೊತ್ತಿಗೆ ಸದಸ್ಯರ ಸಂಖ್ಯೆ ಸುಮಾರು 10 ಲಕ್ಷಕ್ಕೆ ಇಳಿಯಿತು. ಆ ವ್ಯತ್ಯಾಸದಲ್ಲಿ ಮೂರೂವರೆ ಲಕ್ಷ ಜನರ ಅನ್ನ ಇದೆ. ಒಳ್ಳೆ ಕಾಲ ನೋಡಿಕೊಂಡು, ಕೊನೆಗೆ ಸೇರಿಕೊಂಡ ಹೊಸಬರಿಗೇ ಇಂಥ ಹೊತ್ತಿನಲ್ಲಿ ಮೊದಲು ಏಟು ಬೀಳುತ್ತದೆ. ಹಳಬರಿಗೆ ಹಳೆಯ ಗಿರಾಕಿಗಳಾದರೂ ಇರುತ್ತಾರೆ.

ಹಳೆಯ ಗಿರಾಕಿ ಅಂದೆ. ನಗರ ಬದಲಿಸುವವರು ಯೋಚಿಸಬೇಕಾದ್ದು ಇದನ್ನೇ. ನಮ್ಮ ಕಸುಬಿನಲ್ಲಿ ಬಂಡವಾಳ ಅಂದರೆ ಪರಿಚಯ. ಮನೆ ಅನ್ನುವುದು ಹೆಚ್ಚಿನ ಜನ ಜೀವಮಾನದಲ್ಲಿ ಒಂದು ಸಲ ಕೊಳ್ಳುವ ವಸ್ತು. ಅದಕ್ಕೆ ಅವರು ಗುರುತಿನವರನ್ನು, ಗುರುತಿನವರು ಹೇಳಿದವರನ್ನು ಹುಡುಕುತ್ತಾರೆ. ‘ಇವನು ಇಂಥವರ ಮಗ, ಮೋಸ ಮಾಡಲ್ಲ’ ಅನ್ನುವ ಒಂದು ಮಾತು ನೂರು ಜಾಹೀರಾತಿಗಿಂತ ದೊಡ್ಡದು. ಹುಟ್ಟಿದ ಕಡೆ ಆ ಮಾತು ಸುಮ್ನೆ ಸಿಕ್ಕಿರುತ್ತದೆ. ಹೊಸ ನಗರದಲ್ಲಿ ಆ ಹುಡುಗ ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಅವನಿಗೂ ಯಾವ ರಸ್ತೆಯಲ್ಲಿ ಮಳೆ ನೀರು ನಿಲ್ಲುತ್ತದೆ, ಯಾವ ಕಟ್ಟಡದಲ್ಲಿ ನೀರಿನ ಜಗಳ ಇದೆ, ಯಾವ ಮಾಲೀಕರು ಕೊನೇ ಗಳಿಗೆಯಲ್ಲಿ ರೇಟು ಏರಿಸುತ್ತಾರೆ ಅಂತ ಗೊತ್ತಿರುವುದಿಲ್ಲ. ಇದೆಲ್ಲ ಓಡಾಡಿಯೇ ಬರಬೇಕು. ಅದಕ್ಕೆ ಕಾಲ ಬೇಕು, ಆ ಕಾಲಕ್ಕೆ ಊಟ ಬೇಕು.

ಇಲ್ಲೇ ಕೆಲವು ಕಂಪನಿಗಳು ತಮ್ಮ ದಾರಿ ಹುಡುಕಿಕೊಂಡಿವೆ. ನನಗೆ ಜಾಸ್ತಿ ಸಂಕಟ ಆಗುವುದು ಇದರಿಂದ. ಹೊಸ ನಗರದಲ್ಲಿ ಪರಿಚಯ ಇಲ್ಲದ ಹುಡುಗನನ್ನು ಕೆಲಸಕ್ಕೆ ಕರೆದು, ಮೊದಲ ದಿನವೇ ಅವನ ಮುಂದೆ ಒಂದು ಖಾಲಿ ಹಾಳೆ ಇಡುತ್ತಾರೆ. ‘ನಿನಗೆ ಗೊತ್ತಿರುವ ನೂರು ಜನರ ಹೆಸರು, ನಂಬರು ಬರಿ.’ ಚಿಕ್ಕಪ್ಪ, ಸೋದರಮಾವ, ಹೈಸ್ಕೂಲು ಮೇಷ್ಟ್ರು, ಅಕ್ಕನ ಗಂಡನ ಆಫೀಸಿನವರು, ಎಲ್ಲರೂ ಆ ಹಾಳೆಗೆ ಬರುತ್ತಾರೆ. ಅವನನ್ನು ಕೆಲಸಕ್ಕೆ ತೆಗೆದುಕೊಂಡಿದ್ದೇ ಆ ಹಾಳೆಗೋಸ್ಕರ. ಆಮೇಲೆ ಟಾರ್ಗೆಟ್. ಇನ್ನೂ ಶುರುವಾಗದ ಲೇಔಟಿನ ಸೈಟನ್ನು ‘ಪ್ರೀ ಲಾಂಚ್ ಆಫರ್’ ಅಂತ ಅವನ ಬಾಯಿಂದಲೇ ಮನೆಯವರಿಗೆ ಹೇಳಿಸುತ್ತಾರೆ. ಮಾವ ನಿವೃತ್ತಿಯ ದುಡ್ಡಿನಲ್ಲಿ ಬುಕ್ ಮಾಡುತ್ತಾರೆ, ಹುಡುಗ ಮುಂದೆ ಬರಲಿ ಅಂತ. ಹಾಳೆ ಖಾಲಿಯಾದ ಮೇಲೆ ಟಾರ್ಗೆಟ್ ಮುಟ್ಟುವುದಿಲ್ಲ, ಹುಡುಗನನ್ನು ಕಳಿಸುತ್ತಾರೆ. ಲೇಔಟು ನಿಂತುಹೋದರೆ ಮಾವನ ಫೋನ್ ಬರುವುದು ಕಂಪನಿಗಲ್ಲ, ಅವನಿಗೆ. ಹೀಗಾದ ಒಬ್ಬ ಹುಡುಗಿ ನಮ್ಮ ಆಫೀಸಿಗೆ ಕೆಲಸ ಕೇಳಿಕೊಂಡು ಬಂದಿದ್ದಳು. ತಂಗಿಯ ಮದುವೆಗೆ ಹೋಗಲು ಅವಳಿಗೆ ಧೈರ್ಯ ಇರಲಿಲ್ಲ. ಮದುವೆ ಮನೆಯಲ್ಲಿ ಸೈಟಿನ ಮಾತು ಎತ್ತುವವರು ಎಷ್ಟು ಜನ ಇರುತ್ತಾರೆ ಅಂತ ಅವಳಿಗೆ ಗೊತ್ತಿತ್ತು.

ಕಾನೂನಿನಲ್ಲಿ ಇದಕ್ಕೆ ತಡೆ ಇದೆ. ಭಾರತದ 2016ರ ರೇರಾ ಕಾಯ್ದೆಯ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕಾರ, ನೋಂದಣಿ ಆಗಬೇಕಾದ ಯೋಜನೆಯನ್ನು ನೋಂದಣಿ ಇಲ್ಲದೆ ಮಾರುವ ಹಾಗಿಲ್ಲ, ಜಾಹೀರಾತು ಕೊಡುವ ಹಾಗೂ ಇಲ್ಲ. ಬುಕಿಂಗ್ ತೆಗೆದುಕೊಳ್ಳುವ ಹಾಗೂ ಇಲ್ಲ. ಅಂಥ ಯೋಜನೆಯನ್ನು ಮಾರಿಸಿಕೊಡುವ ಏಜೆಂಟ್ ಕೂಡ ತಪ್ಪಿತಸ್ಥ. ಏಜೆಂಟ್ ಆಗಬೇಕಾದರೂ ನೋಂದಣಿ ಬೇಕು, 9ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಆ ನೋಂದಣಿ ಆಯಾ ರಾಜ್ಯಕ್ಕೆ ಸೀಮಿತ. ಬೇರೆ ರಾಜ್ಯದ ನಗರಕ್ಕೆ ಹೋದರೆ ಅಲ್ಲಿ ಹೊಸದಾಗಿ ಮಾಡಿಸಬೇಕು. ಅಮೆರಿಕದಲ್ಲೂ ಲೈಸೆನ್ಸ್ ಕೊಡುವುದು ಒಂದೊಂದು ರಾಜ್ಯವೂ ಬೇರೆ ಬೇರೆಯಾಗಿ. ಇಂಗ್ಲೆಂಡಿನಲ್ಲಿ ಲೈಸೆನ್ಸೇ ಬೇಡ, ಆದರೆ 1979ರ ಎಸ್ಟೇಟ್ ಏಜೆಂಟ್ಸ್ ಕಾಯ್ದೆಯಡಿ ತಪ್ಪು ಮಾಡಿದವರನ್ನು ಈ ಕಸುಬಿನಿಂದಲೇ ಹೊರಗಿಡಬಹುದು. ಹೊರಡುವ ಮೊದಲು ತಾನು ಹೋಗುವ ಕಡೆಯ ನಿಯಮ ಏನು, ಕರೆದವರ ನೋಂದಣಿ ಸಂಖ್ಯೆ ಏನು ಅಂತ ಕೇಳುವುದು ಹುಡುಗರ ಹಕ್ಕು. ಕೇಳಿದರೆ ಮುಖ ಸಿಂಡರಿಸುವ ಆಫೀಸಿಗೆ ಹೋಗುವುದೇ ಬೇಡ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿ ಹೇಳಬೇಕು. ಖಾಲಿ ಮನೆಗೆ, ಮುಖಪರಿಚಯ ಇಲ್ಲದ ಗಂಡಸಿನ ಜೊತೆ, ಒಬ್ಬಳೇ ಹೋಗುವುದು ಈ ಕೆಲಸದಲ್ಲಿ ದಿನನಿತ್ಯದ ಮಾತು. 1986ರ ಜುಲೈನಲ್ಲಿ ಲಂಡನ್ನಿನ ಸೂಜಿ ಲ್ಯಾಂಪ್ಲೂ ಅನ್ನುವ 25 ವರ್ಷದ ಎಸ್ಟೇಟ್ ಏಜೆಂಟ್ ಒಬ್ಬ ಗಿರಾಕಿಗೆ ಮನೆ ತೋರಿಸುವ ಕೆಲಸ ಇದೆ ಅಂತ ಡೈರಿಯಲ್ಲಿ ಬರೆದಿಟ್ಟು ಹೋದಳು. ಡೈರಿಯಲ್ಲಿದ್ದ ಹೆಸರು ‘ಮಿಸ್ಟರ್ ಕಿಪ್ಪರ್’. ಅವಳು ವಾಪಸ್ ಬರಲೇ ಇಲ್ಲ. ದೇಹ ಇವತ್ತಿಗೂ ಸಿಕ್ಕಿಲ್ಲ. ಅವಳ ಅಪ್ಪ ಅಮ್ಮ ಅದೇ ವರ್ಷ ಅವಳ ಹೆಸರಲ್ಲಿ ಒಂದು ಟ್ರಸ್ಟ್ ಕಟ್ಟಿದರು. ಕೆಲಸದ ಜಾಗದಲ್ಲಿ, ಅದರಲ್ಲೂ ಒಬ್ಬರೇ ಓಡಾಡುವವರ ಸುರಕ್ಷತೆಗಾಗಿ ಅದು ಈಗಲೂ ಕೆಲಸ ಮಾಡುತ್ತಿದೆ. ನಮ್ಮ ಆಫೀಸಿನಲ್ಲಿ ನಾನು ಹಟ ಹಿಡಿದು ಕೆಲವು ಕಟ್ಟಳೆ ಮಾಡಿಸಿದ್ದೇನೆ. ಮೊದಲ ಸಲ ಬರುವವರು ಆಫೀಸಿಗೇ ಬರಬೇಕು, ಗುರುತಿನ ಚೀಟಿ ತೋರಿಸಬೇಕು. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ಅಂತ ಗ್ರೂಪಿನಲ್ಲಿ ಹಾಕಿಯೇ ಹೊರಡಬೇಕು. ಕತ್ತಲಾದ ಮೇಲೆ ಖಾಲಿ ಮನೆ ತೋರಿಸುವ ಹಾಗಿಲ್ಲ. ಮನೆಯೊಳಗೆ ಗಿರಾಕಿ ಮುಂದೆ, ನಮ್ಮವರು ಬಾಗಿಲ ಕಡೆ. ಬಾಗಿಲು ತೆಗೆದೇ ಇರಬೇಕು. ಇದರಿಂದ ಒಂದೆರಡು ಗಿರಾಕಿಗಳು ಬೇಸರ ಮಾಡಿಕೊಂಡು ಹೋಗಿದ್ದಾರೆ, ಹೋಗಲಿ. ಬರೀ ಕಮಿಷನ್ ಮೇಲೆ ಇರುವ ಹುಡುಗಿಗೆ ‘ಈಗ ಬೇಡ, ನಾಳೆ ಬೆಳಿಗ್ಗೆ ಬನ್ನಿ’ ಅನ್ನುವುದು ಕಷ್ಟ. ತಿಂಗಳಾದರೂ ಒಂದು ಡೀಲೂ ಆಗಿರುವುದಿಲ್ಲ, ಬಾಡಿಗೆ ಕಟ್ಟಬೇಕು, ರಾತ್ರಿ ಕರೆದರೂ ಹೋಗುತ್ತಾಳೆ. ಸಂಬಳದ ಮಾತಿಗೂ ಸುರಕ್ಷತೆಗೂ ನಂಟಿದೆ ಅಂತ ನಾನು ಹೇಳುವುದು ಇದಕ್ಕೇ.

ಹಾಗಂತ ಯಾರೂ ಬರಬೇಡಿ ಅನ್ನುತ್ತಿಲ್ಲ. ನನಗೆ ಈ ಕೆಲಸದ ಮೇಲೆ ಪ್ರೀತಿ ಇದೆ. ಬಾಡಿಗೆ ಮನೆಗಳಲ್ಲಿ ಗೋಡೆಗೆ ಮೊಳೆ ಹೊಡೆಯಲೂ ಅಂಜುತ್ತಾ ಇದ್ದ ದಂಪತಿಗೆ ಸ್ವಂತ ಮನೆಯ ಬೀಗದ ಕೈ ಕೊಡುವಾಗ ಆಗುವ ಖುಷಿಯನ್ನು ನಾನು ಬೇರೆ ಯಾವ ಕೆಲಸದಲ್ಲೂ ಕಾಣುತ್ತಿರಲಿಲ್ಲ. ದೊಡ್ಡ ನಗರದಲ್ಲಿ ಕಲಿಯುವುದೂ ಜಾಸ್ತಿ. ಜನ ಸದಾ ಬರುತ್ತಿರುತ್ತಾರೆ, ಹೋಗುತ್ತಿರುತ್ತಾರೆ, ಮನೆ ಬದಲಿಸುತ್ತಿರುತ್ತಾರೆ. ಬರುವುದಾದರೆ ಬಾಡಿಗೆ ಮನೆಗಳಿಂದ ಶುರು ಮಾಡಿ ಅಂತ ನಾನು ಹೊಸಬರಿಗೆ ಹೇಳುತ್ತೇನೆ. ಬಾಡಿಗೆಯಲ್ಲಿ ಕಮಿಷನ್ ಚಿಕ್ಕದು, ಆದರೆ ಬೇಗ ಕೈಗೆ ಬರುತ್ತದೆ. ಇವತ್ತಿನ ಬಾಡಿಗೆದಾರರು ನಾಲ್ಕು ವರ್ಷ ಬಿಟ್ಟು ಮನೆ ಕೊಳ್ಳುತ್ತಾರೆ, ಆಗ ನೆನಪಾಗುವುದು ನೀರು ಬರದಿದ್ದಾಗ ಫೋನ್ ಎತ್ತಿದವರು. ಇಡೀ ನಗರವನ್ನು ಹಿಡಿಯಲು ಹೋಗದೆ ಕೆಲವೇ ಬೀದಿಗಳನ್ನು ಆರಿಸಿಕೊಂಡು ನಡೆದೇ ಸುತ್ತಬೇಕು. ಅಲ್ಲಿನ ಇಸ್ತ್ರಿಯವರು, ಕಟ್ಟಡಗಳ ವಾಚ್‌ಮನ್‌ಗಳು ಹೆಸರು ಹಿಡಿದು ಮಾತಾಡಿಸುವಂತಾಗಬೇಕು. ಯಾವ ಮನೆ ಖಾಲಿಯಾಗುತ್ತದೆ ಅನ್ನುವುದು ಮೊದಲು ಗೊತ್ತಾಗುವುದು ಅವರಿಗೆ. ಒಳ್ಳೆಯ ಹಳಬರ ಕೈಕೆಳಗೆ ಇದ್ದು ದಾಖಲೆ ಓದುವುದನ್ನು ಕಲಿಯಬೇಕು. ಇಷ್ಟಕ್ಕೂ ಬೇಕಾದ್ದು ಮೊದಲ ಕೆಲವು ತಿಂಗಳು ನೆಮ್ಮದಿಯಿಂದ ಉಸಿರಾಡುವಷ್ಟು ದುಡ್ಡು. ಕೈಯಲ್ಲಿ ಅಷ್ಟು ಉಳಿತಾಯ ಇದೆಯೋ ಇಲ್ಲವೋ ಅಂತ ಮನೆಯಲ್ಲೇ ಕೂತು ಲೆಕ್ಕ ಹಾಕಲು ಅವರಿಗೆ ಒಂದೇ ಒಂದು ವಿಷಯ ಗೊತ್ತಿರಬೇಕು. ಈ ಕೆಲಸದಲ್ಲಿ ಸಂಬಳ ಇದೆಯೇ, ಇಲ್ಲವೇ? ಜಾಹೀರಾತು ಮುಚ್ಚಿಡುವುದು ಅದನ್ನೇ.

ನಾನು ಕೇಳುತ್ತಿರುವುದು ಆಗದ ಕೆಲಸವೇನಲ್ಲ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 2021ರ ಜನವರಿಯಿಂದ ಕೆಲಸದ ಜಾಹೀರಾತಿನಲ್ಲಿ ಸಂಬಳ ಎಷ್ಟರಿಂದ ಎಷ್ಟು ಅಂತ ಹೇಳಲೇಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ 2023ರ ಸೆಪ್ಟೆಂಬರಿನಿಂದ ಇಂಥದೇ ಕಾನೂನು ಜಾರಿಯಲ್ಲಿದೆ. ಅದರಲ್ಲಿ ಪೂರ್ತಿ ಕಮಿಷನ್ ಮೇಲೆ ನಡೆಯುವ ಕೆಲಸಕ್ಕೆ ಬೇರೆಯೇ ಮಾತಿದೆ. ಆ ಕೆಲಸದ ಜಾಹೀರಾತಿನಲ್ಲಿ ಗಳಿಕೆ ಕಮಿಷನ್ ಮೇಲೆ ಅಂತ ಬರೆದಿರಬೇಕು. ನಾನು ಕೇಳುತ್ತಿರುವುದೂ ಅದನ್ನೇ. ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಯಾವ ಜಾಹೀರಾತು ತೆಗೆದುಕೊಳ್ಳಬೇಕು, ಅದರಲ್ಲಿ ಏನಿರಬೇಕು ಅಂತ ತೀರ್ಮಾನಿಸುವುದು ನಿಮ್ಮ ಕೈಯಲ್ಲೇ ಇದೆ. ಮದುವೆ ಜಾಹೀರಾತಿಗೂ, ಔಷಧಿ ಜಾಹೀರಾತಿಗೂ ನೀವು ಒಂದಷ್ಟು ನೋಡಿಯೇ ಹಾಕುತ್ತೀರಲ್ಲ.

ಉದ್ಯೋಗ ಪುಟದ ಫಾರ್ಮಿನಲ್ಲಿ ಮೂರು ಪ್ರಶ್ನೆ ಸೇರಿಸಿ ಅಂತ ನನ್ನ ವಿನಂತಿ. ತಿಂಗಳ ಸಂಬಳ ಇದೆಯೇ, ಇದ್ದರೆ ಎಷ್ಟು? ತರಬೇತಿಗೆ ಅಥವಾ ಠೇವಣಿಗೆ ಅಂತ ಸೇರುವವರಿಂದ ದುಡ್ಡು ತೆಗೆದುಕೊಳ್ಳುತ್ತೀರಾ? ನಿಮ್ಮ ನೋಂದಣಿ ಸಂಖ್ಯೆ ಏನು? ಉತ್ತರ ಜಾಹೀರಾತಿನಲ್ಲೇ ಅಚ್ಚಾಗಲಿ. ಇದರಿಂದ ಕೆಲವು ಜಾಹೀರಾತು ನಿಮ್ಮ ಕೈತಪ್ಪಬಹುದು, ಗೊತ್ತಿದೆ. ಮುಂದಿನ ತಿಂಗಳು ನಮ್ಮ ಆಫೀಸಿಗೂ ಇಬ್ಬರು ಹೊಸಬರು ಬೇಕಾಗಿದ್ದಾರೆ. ನಮ್ಮ ಜಾಹೀರಾತಿನಲ್ಲಿ ಈ ಮೂರೂ ಉತ್ತರ ಬರೆದೇ ಕಳಿಸುತ್ತೇವೆ, ನಮ್ಮ ಯಜಮಾನರು ಒಪ್ಪಿದ್ದಾರೆ. ಒಂದು ಉತ್ತರ ಬಿಟ್ಟುಹೋಗಿದ್ದರೂ ಅಚ್ಚು ಮಾಡದೆ ವಾಪಸ್ ಕಳಿಸಿ.

ಇಂತಿ ನಮಸ್ಕಾರಗಳು,
ಮನೆ ಕೊಡಿಸುವ ಕಸುಬಿನ, ನಿಮ್ಮ ಓದುಗರಲ್ಲೊಬ್ಬಳು